ಕೂಪನ್ನೋ, ಸ್ಕ್ರ್ಯಾಚ್ ಕಾರ್ಡೋ, ಸ್ಟೀಲ್ ಡಬ್ಬಿಯೋ? ಹಬ್ಬದ ಬಹುಮಾನ ಆರಿಸುವ ಮುಂಚೆ

ಆಷಾಢ ಮುಗಿಯುತ್ತಿದ್ದಂತೆ ನಮ್ಮ ಪ್ರೆಸ್ಸಿಗೆ ಅಂಗಡಿಯವರ ಓಡಾಟ ಜಾಸ್ತಿಯಾಗುತ್ತದೆ. ಸೀರೆ ಅಂಗಡಿ, ಪಾತ್ರೆ ಅಂಗಡಿ, ಮೊಬೈಲ್ ಅಂಗಡಿ, ಈಚೆಗೆ ಬೇಕರಿಯವರು ಕೂಡ. ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ ಸಾಲಾಗಿ ಬರುತ್ತವಲ್ಲ, ಅದಕ್ಕೆ ತಯಾರಿ. ಕುರ್ಚಿ ಎಳೆದುಕೊಂಡು ಕೂತ ತಕ್ಷಣ ಹೇಳುವ ಮಾತು ಒಂದೇ: "ಅಣ್ಣ, ಒಂದ್ ಐದ್ ಸಾವ್ರ ಲಕ್ಕಿ ಡ್ರಾ ಕೂಪನ್ ಹೊಡ್ಕೊಡಿ."

ಮೈಸೂರಿನ ಸಯ್ಯಾಜಿರಾವ್ ರಸ್ತೆಯಿಂದ ಎರಡು ತಿರುವು ಒಳಗೆ ನಮ್ಮದು ಸಣ್ಣ ಪ್ರೆಸ್. ಮದುವೆ ಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್. ಕೇಳಿದ್ದನ್ನು ಹೊಡೆದುಕೊಟ್ಟರೆ ನನ್ನ ದುಡ್ಡು ನನಗೆ ಬರುತ್ತದೆ, ಸುಮ್ನೆ ಇರಬಹುದು. ಆದರೂ ಕೆಲವು ವರ್ಷದಿಂದ ಮೊದಲು ಟೀ ತರಿಸಿ, "ಲಕ್ಕಿ ಡ್ರಾನೇ ಯಾಕೆ?" ಅಂತ ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಅದಕ್ಕೆ ಕಾರಣ ಒಂದು ಮಿಕ್ಸಿ.

ಎರಡು ಕೂಪನ್, ಒಂದು ಮಿಕ್ಸಿ

ಮಂಡ್ಯದ ಬಟ್ಟೆ ಅಂಗಡಿಯವರೊಬ್ಬರು ಒಂದು ದಸರಾಕ್ಕೆ 5,000 ಕೂಪನ್ ಹೊಡೆಸಿದ್ದರು. ಸಾವಿರ ರೂಪಾಯಿ ಬಿಲ್ಲಿಗೆ ಒಂದು. ಮೊದಲ ಬಹುಮಾನ ಫ್ರಿಜ್, ಎರಡನೆಯದು ಮಿಕ್ಸಿ, ಮೂರನೆಯದು ಕುಕ್ಕರ್. ಕೂಪನ್ ನಡುವೆ ತೂತಿನ ಸಾಲು, ಎರಡೂ ಕಡೆ ಒಂದೇ ನಂಬರ್. ಅರ್ಧ ಗಿರಾಕಿಗೆ, ಅರ್ಧ ಡ್ರಮ್ಮಿಗೆ.

ನಂಬರ್ ಹಾಕಲು ನಮ್ಮಲ್ಲಿ ಆಗ ಕೈಯಲ್ಲಿ ಒತ್ತುವ ನಂಬರಿಂಗ್ ಮೆಷಿನ್ ಇತ್ತು. ಎರಡು ಏಟಿಗೆ ಒಂದು ಅಂಕಿ ಮುಂದೆ ಹೋಗುವ ಹಾಗೆ ಇಟ್ಟುಕೊಳ್ಳುತ್ತಿದ್ದೆವು. ಒಂದು ಏಟು ಈ ಅರ್ಧಕ್ಕೆ, ಒಂದು ಆ ಅರ್ಧಕ್ಕೆ. ಆ ದಿನ 2299 ಆದ ಮೇಲೆ ನೂರರ ಚಕ್ರ ಇಂಕಿನ ಜಿಡ್ಡಿಗೆ ಅಂಟಿಕೊಂಡು ತಿರುಗಲಿಲ್ಲ. 2300 ಬರಬೇಕಾದ ಕಡೆ ಮತ್ತೆ 2200 ಬಂತು. ಹೀಗೆ ನೂರು ನಂಬರ್ ಎರಡೆರಡು ಸಲ ಬಿದ್ದವು. ಮುಂದಿನ ಸುತ್ತಿಗೆ ಚಕ್ರ ತಾನಾಗೇ ಸಡಿಲವಾಗಿ 2300ಕ್ಕೆ ಹೋಯಿತು. ಕೊನೆಯ ಕೂಪನ್ ಮೇಲೆ 4900 ಅಂತಿತ್ತು, ಕೂಪನ್ ಮಾತ್ರ 5,000. ಎಣಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ರಾತ್ರಿ ಹನ್ನೊಂದಾಗಿತ್ತು, ಯಾರೂ ಎಣಿಸಲಿಲ್ಲ.

ವಿಜಯದಶಮಿ ಕಳೆದ ಭಾನುವಾರ ಅಂಗಡಿ ಮುಂದೆ ಶಾಮಿಯಾನ ಹಾಕಿ ಡ್ರಾ ಎತ್ತಿದರು. ಪುಟ್ಟ ಹುಡುಗಿಯೊಬ್ಬಳ ಕಣ್ಣಿಗೆ ಕರ್ಚೀಫು ಕಟ್ಟಿ ಡ್ರಮ್ಮಿಗೆ ಕೈ ಹಾಕಿಸಿದರು. ಮಿಕ್ಸಿಗೆ 2247. ಎರಡು ಮೂಲೆಯಿಂದ ಇಬ್ಬರು ಹೆಂಗಸರು ಎದ್ದು ಬಂದರು. ಒಬ್ಬರು, "ನಂದೂ ಅದೇ ನಂಬ್ರು ಕಣಣ್ಣ, ನೀವೇ ನೋಡಿ" ಎಂದು ಚೀಟಿ ಹಿಡಿದರು. ಇನ್ನೊಬ್ಬರದೂ ಅದೇ. ಹಿಂದಿನಿಂದ ಯಾರೋ, "ಎಲ್ಲಾ ಮೊದ್ಲೇ ಮಾಡ್ಕಂಡವ್ರೆ ಬುಡ್ಲಾ" ಎಂದರು. ಅಷ್ಟೇ ಸಾಕಾಯಿತು. ಎರಡನೇ ಮಿಕ್ಸಿ ನಾನೇ ಕೊಡಿಸಿದೆ, ತಪ್ಪು ನಮ್ಮದೇ ಆಗಿತ್ತು. ಇಬ್ಬರು ಹೆಂಗಸರೂ ಖುಷಿಯಾಗಿ ಹೋದರು. ಆದರೆ ಬಹುಮಾನ ಬರದೆ ಎದ್ದುಹೋದ ನೂರಾರು ಜನ ಮನೆಗೆ ಹೊತ್ತುಕೊಂಡು ಹೋದದ್ದು ಆ ಹಿಂದಿನ ಸಾಲಿನ ಮಾತನ್ನು.

ಇದೇ ತಪ್ಪು ದೊಡ್ಡದಾಗಿ ಆದರೆ ಏನಾಗುತ್ತದೆ ಅನ್ನುವುದಕ್ಕೆ ಫಿಲಿಪ್ಪೀನ್ಸ್ ಇದೆ. 1992ರಲ್ಲಿ ಪೆಪ್ಸಿ ಅಲ್ಲಿ ಬಾಟಲಿ ಮುಚ್ಚಳದ ಒಳಗೆ ನಂಬರ್ ಹಾಕಿ, ದೊಡ್ಡ ಬಹುಮಾನ 10 ಲಕ್ಷ ಪೆಸೊ ಅಂತ ಸಾರಿತು. ಒಂದು ದಿನ ಗೆದ್ದ ನಂಬರ್ 349 ಎಂದು ಟಿವಿಯಲ್ಲಿ ಹೇಳಿಬಿಟ್ಟರು. ಆ ನಂಬರಿನ ಮುಚ್ಚಳ ಅಚ್ಚಾಗಿದ್ದದ್ದು ಒಂದೆರಡಲ್ಲ, ಸುಮಾರು 8 ಲಕ್ಷ. ಕಂಪನಿ ತಲಾ 500 ಪೆಸೊ ಕೊಡುತ್ತೇವೆ ಎಂದಿತು. ಜನ ಒಪ್ಪಲಿಲ್ಲ. ಲಾರಿಗಳಿಗೆ ಬೆಂಕಿ ಬಿತ್ತು, ಜೀವವೂ ಹೋಯಿತು, ಕೇಸುಗಳು ವರ್ಷಗಟ್ಟಲೆ ನಡೆದವು. ನನ್ನದು ಒಂದು ಮಿಕ್ಸಿಗೆ ಮುಗಿಯಿತು.

ಅವತ್ತಿನಿಂದ ನಾನು ಯಾವ ಸ್ಕೀಮನ್ನೇ ನೋಡಲಿ, ಗೆಲ್ಲುವವನ ಕಡೆಯಿಂದ ನೋಡುವುದಿಲ್ಲ. ಬರಿಗೈಯಲ್ಲಿ ಹೋಗುವವರು ಎಷ್ಟು ಜನ, ಅವರು ದಾರಿಯಲ್ಲಿ ಏನು ಮಾತಾಡಿಕೊಳ್ಳುತ್ತಾರೆ, ಅದನ್ನು ಮೊದಲು ಯೋಚಿಸುತ್ತೇನೆ. ಮುಂದಿನ ಯುಗಾದಿಗೆ ಬಟ್ಟೆ ಕೊಳ್ಳಲು ಬರಬೇಕಾದವರು ಅವರೇ ತಾನೇ.

ಒಂದೇ ದುಡ್ಡು, ಮೂರು ದಾರಿ

ಲೆಕ್ಕ ಹಾಕಿ ನೋಡೋಣ. ಹಬ್ಬಕ್ಕೆ ನಿಮ್ಮ ಕೈಯಲ್ಲಿ 60,000 ರೂಪಾಯಿ ಇದೆ, ಸುಮಾರು 2,000 ಬಿಲ್ ಆಗಬಹುದು ಎಂದುಕೊಳ್ಳಿ.

ಎಲ್ಲರಿಗೂ ಏನಾದರೂ ಕೊಡುವುದಾದರೆ ಒಬ್ಬರಿಗೆ 30 ರೂಪಾಯಿ. ಒಂದು ಪುಟ್ಟ ಸ್ಟೀಲ್ ಡಬ್ಬಿಯೋ ಅರಿಶಿನ ಕುಂಕುಮದ ಬಟ್ಟಲೋ ಬರಬಹುದು. ಬರಿಗೈಯಲ್ಲಿ ಹೋಗುವವರು ಯಾರೂ ಇಲ್ಲ. ಆದರೆ ಆ ಡಬ್ಬಿ ನೋಡಿಕೊಂಡು ಯಾರೂ ಬಸ್ ಹತ್ತಿ ನಿಮ್ಮ ಅಂಗಡಿಗೆ ಬರುವುದಿಲ್ಲ ಅನ್ನುವುದೂ ನಿಜ.

ಸ್ಕ್ರ್ಯಾಚ್ ಕಾರ್ಡ್ ಆದರೆ ಅದೇ ದುಡ್ಡನ್ನು ಒಡೆಯಬಹುದು. 5,000ದ್ದು ಎರಡು, 1,000ದ್ದು ಇಪ್ಪತ್ತು, 100ರದ್ದು ಮುನ್ನೂರು. ಒಟ್ಟು 60,000. ಗೆಲ್ಲುವವರು 322 ಜನ, ಅಂದರೆ ಆರು ಜನರಲ್ಲಿ ಒಬ್ಬರು. ಒಂದು ಮನೆಯವರು ಐದಾರು ಬಿಲ್ ಮಾಡಿದರೆ ಒಂದಾದರೂ ಬರುವ ಸಂಭವ ಇದೆ.

ಲಕ್ಕಿ ಡ್ರಾದಲ್ಲಿ 60,000ದ ಒಂದೇ ವಸ್ತು ಇಟ್ಟರೆ ಗೆಲ್ಲುವವರು ಒಬ್ಬರು, ಬರಿಗೈ 1,999. ಬ್ಯಾನರ್ ಮೇಲೆ ಚಿತ್ರ ಚೆನ್ನಾಗಿ ಕಾಣುತ್ತದೆ. ಜನ ಸೇರಿಸುವುದರಲ್ಲಿ ಇದಕ್ಕೆ ಸಾಟಿ ಇಲ್ಲ, ಒಪ್ಪಿಕೊಳ್ಳುತ್ತೇನೆ. ಹೊಸ ಅಂಗಡಿ ತೆರೆದವರು, ಹೆಸರೇ ಗೊತ್ತಿಲ್ಲದ ಬಡಾವಣೆಗೆ ಹೋದವರು ಇದನ್ನು ಕೇಳಿದರೆ ನನಗೆ ಅರ್ಥವಾಗುತ್ತದೆ. ಇಪ್ಪತ್ತು ವರ್ಷದಿಂದ ಅದೇ ಗಿರಾಕಿಗಳನ್ನು ಇಟ್ಟುಕೊಂಡಿರುವ ಅಂಗಡಿಗೆ ಮಾತ್ರ ಇದು ಬೇಡ ಅನ್ನುತ್ತೇನೆ.

ಡ್ರಾ: ಕಾನೂನು ಎಲ್ಲಿ ತಡೆಯುತ್ತದೆ

ಇದನ್ನು ಹೇಳಿದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. "ಎಲ್ಲಾರೂ ಮಾಡ್ತಾವ್ರಲ್ಲಣ್ಣ." ಮಾಡುತ್ತಾರೆ, ನಿಜ. ಆದರೂ ತಿಳಿದುಕೊಂಡಿರಿ.

ಲಾಟರಿ ಅನ್ನುವುದಕ್ಕೆ ಮೂರು ಕಾಲು. ಬಹುಮಾನ ಇರಬೇಕು, ಅದು ಅದೃಷ್ಟದ ಮೇಲೆ ಸಿಗಬೇಕು, ಆಡುವವರು ದುಡ್ಡು ಕೊಟ್ಟಿರಬೇಕು. ಒಂದು ಕಾಲು ತೆಗೆದರೆ ಅದು ಲಾಟರಿ ಆಗುವುದಿಲ್ಲ. ಅದೃಷ್ಟ ತೆಗೆದರೆ ಎಲ್ಲರಿಗೂ ಉಡುಗೊರೆ, ಇಲ್ಲವೇ ಜಾಣ್ಮೆಯ ಸ್ಪರ್ಧೆ. ದುಡ್ಡು ತೆಗೆದರೆ ಪುಕ್ಕಟೆ ಡ್ರಾ. ಅಮೆರಿಕದ ಜಾಹೀರಾತುಗಳಲ್ಲಿ 'ಕೊಳ್ಳಲೇಬೇಕೆಂದಿಲ್ಲ' ಎಂದು ಬರೆದಿರುವುದು ಇದಕ್ಕೇ. ನಮ್ಮ ಕಡೆ "ಸಾವಿರ ರೂಪಾಯಿ ಬಿಲ್ಲಿಗೆ ಒಂದು ಕೂಪನ್" ಎಂದಾಗ ಮೂರೂ ಕಾಲು ನೆಟ್ಟಗೆ ನಿಂತಿರುತ್ತವೆ.

ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷೇಧ. ಪಕ್ಕದ ಕೇರಳದಲ್ಲಿ 1967ರಿಂದ ಸರ್ಕಾರವೇ ನಡೆಸುತ್ತಿದೆ. 2024ರ ಓಣಂ ಬಂಪರಿನ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದ ಮೇಲೆ ವಯನಾಡಿನ ಕಡೆ ಹೋಗುವವರಿಗೆಲ್ಲ ಟಿಕೆಟ್ ತರಲು ಹೇಳುವುದು ಮಾಮೂಲಾಗಿದೆ. ಅದು ಅಲ್ಲಿನ ಸರ್ಕಾರದ ಲಾಟರಿ. ನಿಮ್ಮ ಅಂಗಡಿ ಸರ್ಕಾರ ಅಲ್ಲವಲ್ಲ. ಸರ್ಕಾರದ್ದಲ್ಲದ, ಅನುಮತಿಯೂ ಇಲ್ಲದ ಲಾಟರಿ ಎತ್ತಲು ಜಾಗ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ನೇರವಾಗಿದೆ. ವ್ಯಾಪಾರ ಹೆಚ್ಚಿಸಲು ಲಾಟರಿ, ಅದೃಷ್ಟದ ಆಟ, ಸ್ಪರ್ಧೆ ನಡೆಸುವುದನ್ನು, ನಿಯಮದಲ್ಲಿ ಬಿಡುಗಡೆ ಕೊಟ್ಟದ್ದನ್ನು ಬಿಟ್ಟು, ಅದು ಅನ್ಯಾಯದ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲೇ ಇಟ್ಟಿದೆ. ಬಹುಮಾನ ಕೊಡುತ್ತೇವೆಂದು ಹೇಳಿ ಕೊಡದಿರುವುದೂ ಆ ಪಟ್ಟಿಯಲ್ಲಿದೆ. ಸ್ಕೀಮ್ ಮುಗಿದ ಮೇಲೆ ಗೆದ್ದವರು ಯಾರು ಅಂತ ಹೇಳದೆ ಮುಚ್ಚಿಡುವುದೂ ಇದೆ. ಆಂದೋಲನದಲ್ಲೋ ಮೈಸೂರು ಮಿತ್ರದಲ್ಲೋ ಡ್ರಾ ಬಗ್ಗೆ ಜಾಹೀರಾತು ಕೊಟ್ಟಿದ್ದರೆ ಫಲಿತಾಂಶವನ್ನೂ ಅದೇ ಪೇಪರಿನಲ್ಲಿ, ಕಣ್ಣಿಗೆ ಬೀಳುವ ಹಾಗೆ ಹಾಕಿಸಿ.

ಡ್ರಾ ಮಾಡಿಯೇ ತೀರುತ್ತೇನೆ ಅನ್ನುವವರಿಗೆ ನಾನು ಹೇಳುವುದು: ಬಿಲ್ ಮಾಡದೆ ಬಾಗಿಲವರೆಗೆ ಬಂದವರಿಗೂ ಒಂದು ಕೂಪನ್ ಕೊಡಿ, ಅದನ್ನು ಕೂಪನ್ ಮೇಲೇ ಅಚ್ಚು ಹಾಕಿಸಿ. ಬಹುಮಾನ ದೊಡ್ಡದಾದರೆ ಒಬ್ಬ ವಕೀಲರಿಗೆ ತೋರಿಸಿ. ಅವರ ಫೀಸು ನಿಮ್ಮ ಶಾಮಿಯಾನದ ಬಾಡಿಗೆಗಿಂತ ಜಾಸ್ತಿ ಆಗಲಾರದು.

ಇನ್ನು ತೆರಿಗೆ. ಬಹುಮಾನದ ಬೆಲೆ 10,000 ದಾಟಿದರೆ 30 ಪರ್ಸೆಂಟ್ ತೆರಿಗೆ ಹಿಡಿಯಬೇಕು. ನಗದಾದರೆ ಹಿಡಿದು ಉಳಿದದ್ದು ಕೊಟ್ಟರಾಯಿತು. ವಸ್ತುವಾದರೆ ತೆರಿಗೆ ಕಟ್ಟಾಗಿದೆ ಅಂತ ಖಾತ್ರಿ ಮಾಡಿಕೊಂಡೇ ಕೈಗೆ ಕೊಡಬೇಕು. 90,000ದ ಸ್ಕೂಟರ್ ಇಟ್ಟರೆ ತೆರಿಗೆಯೇ 27,000. ಅದರ ಮೇಲೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಸ್ಕೂಟರ್ ಬಂದು, "27,000 ಕಟ್ಟಿ ತಗೊಂಡು ಹೋಗಮ್ಮ" ಅಂದರೆ ಆಕೆ ಏನು ಮಾಡಬೇಕು ಹೇಳಿ? ತೆರಿಗೆಯನ್ನೂ ನೀವೇ ಕಟ್ಟುವುದಾದರೆ ಬಜೆಟ್ಟಿನಲ್ಲಿ ಮೊದಲೇ ಎತ್ತಿಡಿ. ಇಲ್ಲದಿದ್ದರೆ ಪ್ರತಿ ಬಹುಮಾನವನ್ನೂ 10,000ದ ಒಳಗೇ ಇಡಿ. ನಾನು ಎರಡನೆಯದನ್ನೇ ಹೇಳುತ್ತೇನೆ. ಒಂದು ಸ್ಕೂಟರಿನ ಬದಲು ಹತ್ತು ಒಳ್ಳೆಯ ರೇಷ್ಮೆ ಸೀರೆ ಇಟ್ಟರೆ ಹತ್ತು ಬೀದಿಯಲ್ಲಿ ನಿಮ್ಮ ಹೆಸರು ಓಡಾಡುತ್ತದೆ.

ಹಾಂ, ಒಂದು ಮಾತು. ಡ್ರಾ ಮುಗಿದ ಮೇಲೆ ಆ ಕೂಪನ್‌ಗಳನ್ನು ಏನು ಮಾಡುತ್ತೀರಿ? ಸಾವಿರಾರು ಹೆಂಗಸರ ಹೆಸರು, ಫೋನ್ ನಂಬರ್ ಅದರಲ್ಲಿ ಇರುತ್ತದೆ. ನಾನೇ ಹೊಡೆದ ಕೂಪನ್ ಒಂದು ಸಲ ಕಡಲೆಕಾಯಿ ಪೊಟ್ಟಣವಾಗಿ ನನ್ನ ಕೈಗೇ ಬಂತು, ನಂಬರ್ ಸಮೇತ. ಗುಜರಿಗೆ ಹಾಕಬೇಡಿ, ಹರಿದು ಸುಟ್ಟುಬಿಡಿ.

ಸ್ಕ್ರ್ಯಾಚ್ ಕಾರ್ಡಿನ ಒಳಗುಟ್ಟು

ಫೋನಿನಲ್ಲಿ ದುಡ್ಡು ಕಳಿಸಿದಾಗಲೆಲ್ಲ ಕಾರ್ಡ್ ಉಜ್ಜಿ ಉಜ್ಜಿ ನಮ್ಮ ಜನಕ್ಕೆ ಇದು ಚೆನ್ನಾಗಿ ಅಭ್ಯಾಸವಾಗಿದೆ. 'ಮುಂದಿನ ಸಲ ನೋಡೋಣ' ಅಂತ ಬಂದರೂ ಬೇಜಾರಿಲ್ಲ. ನಿಂತಲ್ಲೇ ಗೊತ್ತಾಗಿಬಿಡುತ್ತದೆ, ಒಂದು ತಿಂಗಳು ಕಾಯಬೇಕಾಗಿಲ್ಲ, ಡ್ರಾ ದಿನ ಊರಿಂದ ಬರಬೇಕಾಗಿಲ್ಲ. ಅನುಮಾನಕ್ಕೂ ಜಾಗ ಕಡಿಮೆ, ಉಜ್ಜಿದ್ದು ಅವರದೇ ಉಗುರು.

ಆದರೆ ಕೆಲಸ ಇರುವುದು ಹಿಂದೆ. ಗೆಲ್ಲುವ ಕಾರ್ಡುಗಳನ್ನು ಹೇಗೆ ಬೆರೆಸುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಸುಮ್ನೆ ಕಲಸಿ ಡಬ್ಬಕ್ಕೆ ಹಾಕಿದರೆ ಮೊದಲ ವಾರದಲ್ಲೇ ದೊಡ್ಡ ಬಹುಮಾನ ಎರಡೂ ಹೋಗಿ, ಉಳಿದ ಮೂರು ವಾರ ಬರೀ ನೂರು ರೂಪಾಯಿ ಬರಬಹುದು. ನಾನು ಹೀಗೆ ಮಾಡುತ್ತೇನೆ. 2,000 ಕಾರ್ಡನ್ನು ನೂರರ ಇಪ್ಪತ್ತು ಕಟ್ಟು ಮಾಡುತ್ತೇನೆ. ಪ್ರತಿ ಕಟ್ಟಿನಲ್ಲೂ ಸಾವಿರದ್ದು ಒಂದು, ನೂರರದ್ದು ಹದಿನೈದು. ಐದು ಸಾವಿರದ್ದು ಮೊದಲ ಹತ್ತು ಕಟ್ಟಿನಲ್ಲಿ ಒಂದು ಕಡೆ, ಕೊನೆಯ ಹತ್ತರಲ್ಲಿ ಒಂದು ಕಡೆ. ಯಾವ ಕಟ್ಟು ಅಂತ ನನಗೂ ನೆನಪಿರದ ಹಾಗೆ ಮೊದಲ ಹತ್ತನ್ನೂ ಕೊನೆಯ ಹತ್ತನ್ನೂ ಬೇರೆ ಬೇರೆಯಾಗಿ ಕಲಸಿ ಕೊಡುತ್ತೇನೆ. ಹೀಗೆ ಮಾಡಿದರೆ ದೀಪಾವಳಿ ಹಿಂದಿನ ದಿನ ಬಂದವರಿಗೂ ಒಂದು ಅವಕಾಶ ಉಳಿದಿರುತ್ತದೆ.

ಎರಡನೆಯದು ಕಾಗದ. ದುಡ್ಡು ಉಳಿಸಲು ತೆಳು ಕಾಗದ ಕೇಳುತ್ತಾರೆ. ತೆಳು ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಬೆಳ್ಳಿ ಬಣ್ಣದ ಕೆಳಗಿನ ಅಕ್ಷರ ಕಾಣುತ್ತದೆ. ಕೌಂಟರಿನ ಹುಡುಗರಿಗೆ ಇದು ಎರಡೇ ದಿನದಲ್ಲಿ ಗೊತ್ತಾಗುತ್ತದೆ, ಆಮೇಲೆ ಸಾವಿರದ ಕಾರ್ಡೆಲ್ಲ ಅವರ ಅತ್ತಿಗೆ, ಚಿಕ್ಕಮ್ಮಂದಿರಿಗೇ ಬರುತ್ತವೆ. ದಪ್ಪ ಬೋರ್ಡ್ ಹಾಕಿಸಿ, ಹಿಂಬದಿಗೆ ಗಾಢ ಬಣ್ಣದ ಡಿಸೈನ್ ಹೊಡೆಸಿ. ಕಾರ್ಡನ್ನು ಗಿರಾಕಿ ತಾನೇ ಡಬ್ಬಕ್ಕೆ ಕೈ ಹಾಕಿ ತೆಗೆಯಲಿ, ಕೌಂಟರಿನವರು ಎತ್ತಿಕೊಡುವುದು ಬೇಡ.

ಕಾನೂನಿನ ಕಣ್ಣಿಗೆ ಇದೂ ಅದೃಷ್ಟದ್ದೇ, ಡ್ರಾಗೆ ಹೇಳಿದ್ದೆಲ್ಲ ಇದಕ್ಕೂ ಅನ್ವಯ. ಬಿಸ್ಕತ್ತು, ಚಾಕಲೇಟ್ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ 'ಈ ಕೊಡುಗೆ ತಮಿಳುನಾಡಿನಲ್ಲಿ ಇಲ್ಲ' ಅಂತ ಇರುವುದನ್ನು ನೋಡಿದ್ದೀರಾ? ಅಲ್ಲಿ ಇಂಥ ಬಹುಮಾನ ಯೋಜನೆಗಳನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆಯೇ 1979ರಿಂದ ಇದೆ. ಚಾಮರಾಜನಗರ ದಾಟಿ ಆ ಕಡೆ ಶಾಖೆ ಇಟ್ಟಿರುವವರು ಇಲ್ಲಿಯ ಕಾರ್ಡನ್ನೇ ಅಲ್ಲಿಗೂ ಕಳಿಸಬೇಡಿ.

ನಾನು ಈಚೆಗೆ ಎಲ್ಲರಿಗೂ ಹೇಳುವ ಒಂದು ಉಪಾಯ: ಯಾವ ಕಾರ್ಡನ್ನೂ ಖಾಲಿ ಬಿಡಬೇಡಿ. ಸೋತ ಕಾರ್ಡಿನ ಒಳಗೆ 'ಮುಂದಿನ ಬಿಲ್ಲಿಗೆ 50 ರೂಪಾಯಿ ಕಡಿಮೆ' ಅಂತ ಇರಲಿ. ಅವರಲ್ಲಿ ತಿರುಗಿ ಬರುವವರು ಕೆಲವರೇ, ಹಾಗಾಗಿ ದುಡ್ಡು ಜಾಸ್ತಿ ಹೋಗುವುದಿಲ್ಲ. ಬಂದವರು ಬರಿಗೈಯಲ್ಲಿ ವಾಪಸು ಹೋಗುವುದಿಲ್ಲ.

ಡಬ್ಬಿ, ಬಕೆಟ್, ಕೊಡ

ಉಡುಗೊರೆ ಸ್ಕೀಮಿನಲ್ಲಿ ಗೊಂದಲ ಕಡಿಮೆ. ಇಷ್ಟು ಕೊಂಡರೆ ಇದು, ಮುಗಿಯಿತು. ಹಳ್ಳಿ ಕಡೆಯ ಗಿರಾಕಿಗೆ ಇದು ಇಷ್ಟ. ಹೊಸ ಬಟ್ಟೆ ಜೊತೆ ಸ್ಟೀಲ್ ಕೊಡ ಹಿಡಿದು ಬಸ್ಸಿನಲ್ಲಿ ಕೂತರೆ ಅದೇ ನಿಮಗೆ ಜಾಹೀರಾತು. ಪಕ್ಕದ ಸೀಟಿನವರು "ಎಲ್ಲಿ ಕೊಟ್ರವ್ವ ಇದ?" ಅಂತ ಕೇಳಿಯೇ ಕೇಳುತ್ತಾರೆ.

ಎರಡು ಎಚ್ಚರಿಕೆ. ಡಬ್ಬಿಯ ಬೆಲೆಯನ್ನು ಸೀರೆ ಬೆಲೆಗೆ ಸೇರಿಸಿ 'ಪುಕ್ಕಟೆ' ಅಂತ ಬೋರ್ಡ್ ಹಾಕುವುದನ್ನೂ ಮೇಲೆ ಹೇಳಿದ ಗ್ರಾಹಕ ಕಾಯ್ದೆ ತಪ್ಪು ಅನ್ನುತ್ತದೆ. ಇನ್ನೊಂದು, ಉಡುಗೊರೆ ಮಾಲಿಗಿಂತ ದೊಡ್ಡದಾಗಬಾರದು. 1992ರಲ್ಲಿ ಬ್ರಿಟನ್ನಿನ ಹೂವರ್ ಕಂಪನಿ 100 ಪೌಂಡಿನ ವಸ್ತು ಕೊಂಡರೆ ಎರಡು ವಿಮಾನ ಟಿಕೆಟ್ ಪುಕ್ಕಟೆ ಎಂದಿತು, ಮೊದಲು ಯುರೋಪಿಗೆ, ಆಮೇಲೆ ಅಮೆರಿಕಕ್ಕೆ. ಜನ ಟಿಕೆಟ್ ಆಸೆಗೆ ಬೇಡದ ವ್ಯಾಕ್ಯೂಮ್ ಕ್ಲೀನರ್ ಕೊಂಡರು. ಕಂಪನಿಗೆ ಹತ್ತಿರ ಹತ್ತಿರ 5 ಕೋಟಿ ಪೌಂಡ್ ಕೈಬಿಟ್ಟಿತು. ನಮ್ಮ ಅಂಗಡಿಯವರು ಇಷ್ಟು ದೂರ ಹೋಗುವುದಿಲ್ಲ ಬಿಡಿ, ಆದರೆ 'ಸ್ಟಾಕ್ ಇರುವವರೆಗೆ ಮಾತ್ರ' ಅನ್ನುವ ಸಾಲನ್ನು ಹ್ಯಾಂಡ್‌ಬಿಲ್ಲಿನಲ್ಲಿ ಹಾಕಿಸಲು ಮರೆಯುತ್ತಾರೆ. ಪ್ರೂಫ್ ನೋಡುವಾಗ ನಾನೇ ಸೇರಿಸುತ್ತೇನೆ.

ಬೇಕರಿ, ಟೀ ಅಂಗಡಿ, ಸಲೂನ್‌ಗಳಿಗೆ ಇದರದೇ ತಮ್ಮ ಇದ್ದಾನೆ, ಸೀಲ್ ಹೊಡೆಯುವ ಕಾರ್ಡ್. ಹತ್ತು ಸಲ ಬಂದರೆ ಹನ್ನೊಂದನೆಯದು ಪುಕ್ಕಟೆ. 1999ರ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತಿನ ರ‍್ಯಾಪರಿನ ಮೇಲಿನ ರನ್ ಕೂಡಿಟ್ಟು ನೂರು ಮಾಡುತ್ತಿದ್ದ ಹುಡುಗರಿಗೆ ಈಗ ನಲವತ್ತರ ಹತ್ತಿರ ವಯಸ್ಸು, ಆದರೂ ಆ ಮಾತೆತ್ತಿದರೆ ಮುಖ ಅರಳುತ್ತದೆ. ಕೂಡಿಡುವುದರಲ್ಲಿ ಒಂದು ಹಟ ಇದೆ. ದಿನಾ ಬರುವ ಗಿರಾಕಿ ಇರುವ ಕಡೆ ಮಾತ್ರ ಇದನ್ನು ಮಾಡಿ. ವರ್ಷಕ್ಕೆ ಎರಡು ಸಲ ಸೀರೆ ಕೊಳ್ಳುವವರಿಗೆ ಹತ್ತು ಸೀಲಿನ ಕಾರ್ಡ್ ಕೊಟ್ಟರೆ ನಗುತ್ತಾರೆ.

ರಂಗೋಲಿ, ಬೊಂಬೆ, ಒಂದು ಸಾಲಿನ ಬರಹ

ಸ್ಪರ್ಧೆಯಲ್ಲಿ ಅದೃಷ್ಟದ ಬದಲು ಜಾಣ್ಮೆ ಇರಬೇಕು. ಅಂಗಡಿಯವರು ಬರೆದುಕೊಂಡು ಬರುವ ಪ್ರಶ್ನೆ ನೋಡಬೇಕು ನೀವು: 'ಮೈಸೂರು ಅರಮನೆ ಯಾವ ಊರಿನಲ್ಲಿದೆ?' ಎಲ್ಲರದೂ ಸರಿ ಉತ್ತರ, ಕೊನೆಗೆ ಚೀಟಿ ಎತ್ತಲೇಬೇಕು. ಹೆಸರು ಸ್ಪರ್ಧೆ, ಒಳಗೆ ಲಾಟರಿ. ತೀರ್ಪು ಕೊಡಲು ಒಬ್ಬರು ಕೂತು ನೋಡಬೇಕಾದಂಥದ್ದು ಇಡಿ. ದಸರಾ ಬೊಂಬೆ ಜೋಡಣೆಯ ಫೋಟೋ, ರಂಗೋಲಿ, ಮಕ್ಕಳ ಚಿತ್ರ. ಮೈಸೂರಿನಲ್ಲಿ ಬೊಂಬೆ ಸ್ಪರ್ಧೆ ಅಂದರೆ ಅತ್ತೆ ಸೊಸೆ ಒಂದಾಗಿ ಕೂತು ಮೆಟ್ಟಿಲು ಕಟ್ಟುತ್ತಾರೆ. ಸೋತರೂ ಆ ಫೋಟೋ ನಿಮ್ಮ ಅಂಗಡಿಯ ಗೋಡೆ ಮೇಲೆ ಇದ್ದರೆ ನೋಡಲು ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾರೆ. ತೀರ್ಪುಗಾರರು ಅಂಗಡಿಯ ಸಂಬಂಧಿಕರಾಗಿರಬಾರದು, ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಹೇಳಿರಬೇಕು. ಸೇರಲು ಬಿಲ್ ತನ್ನಿ, ಫೀಸು ಕಟ್ಟಿ ಅನ್ನಬೇಡಿ.

ಎಸ್ಸೆಮ್ಮೆಸ್ ಕಳಿಸಿ ಗೆಲ್ಲಿ ಅನ್ನುವ ಕಾಲ ಒಂದಿತ್ತು. 2007ರಲ್ಲಿ ಕೌನ್ ಬನೇಗಾ ಕರೋಡ್‌ಪತಿ ನೋಡುವವರಿಗೆ ಇಟ್ಟಿದ್ದ ಪ್ರಶ್ನೆಗೆ ಒಂದು ಮೆಸೇಜಿಗೆ 2 ರೂಪಾಯಿ 40 ಪೈಸೆ. ಬಹುಮಾನದ ದುಡ್ಡು ಆ ಮೆಸೇಜುಗಳಿಂದಲೇ ಬಂತು ಎಂದು ಗ್ರಾಹಕ ಸಂಘಟನೆಯೊಂದು ದೂರು ಕೊಟ್ಟಿತು. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ 1 ಕೋಟಿ ದಂಡ ಹಾಕಿತು. ಸಾಕ್ಷ್ಯ ಸಾಲದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿತು. ಕಂಪನಿಗಳು ಗೆದ್ದವು, ಆದರೆ ಹನ್ನೆರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ಪುರುಸೊತ್ತು ಇದೆಯಾ?

ಇನ್‌ಸ್ಟಾಗ್ರಾಂನಲ್ಲಿ ಫಾಲೋ ಮಾಡಿ, ಮೂವರನ್ನು ಟ್ಯಾಗ್ ಮಾಡಿ ಅನ್ನುವುದು ನನ್ನ ಪ್ರೆಸ್ಸಿಗೆ ಬರುವ ಕೆಲಸವಲ್ಲ. ದುಡ್ಡು ಕೇಳುವುದಿಲ್ಲವಾದ್ದರಿಂದ ತಕರಾರು ಕಡಿಮೆ. ಆದರೆ ಬರುವ ಫಾಲೋವರ್‌ಗಳಲ್ಲಿ ನಿಮ್ಮ ರಸ್ತೆಗೆ ಕಾಲಿಡುವವರು ಎಷ್ಟು ಜನ ಅಂತ ಮಾತ್ರ ಕೇಳಿಕೊಳ್ಳಿ.

ನಾನು ಹೊಡೆದುಕೊಡದ ಕಾರ್ಡ್

ಒಂದಕ್ಕೆ ಮಾತ್ರ ಆಗಲ್ಲ ಅನ್ನುತ್ತೇನೆ. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯಿಂದ ಇದು ಬರುತ್ತದೆ, ಮೈಸೂರಿನ ಬಡಾವಣೆಗಳಿಂದಲೂ ಬರುತ್ತದೆ. ತಿಂಗಳಿಗೆ 500ರಂತೆ ಇಪ್ಪತ್ತು ತಿಂಗಳು, 200 ಜನ ಸದಸ್ಯರು. ಪ್ರತಿ ತಿಂಗಳು ಡ್ರಾ. ಗೆದ್ದವರಿಗೆ ಟಿವಿಯೋ ಚಿನ್ನದ ಕಾಸೋ, ಅವರು ಮುಂದೆ ಕಟ್ಟಬೇಕಾಗಿಲ್ಲ. ಕೊನೆಗೆ ಉಳಿದವರಿಗೆ ಕಟ್ಟಿದಷ್ಟು ಬೆಲೆಯ ಸಾಮಾನು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಇದನ್ನು 1978ರಲ್ಲೇ ಬಹುಮಾನ ಚೀಟಿ ನಿಷೇಧ ಕಾಯ್ದೆ ತಂದು ನಿಲ್ಲಿಸಿದ್ದಾರೆ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು.

"ಚೀಟಿ ನಡ್ಸಲ್ವಾ ಎಲ್ಲಾರೂ?" ಅಂತ ವಾದ ಮಾಡುತ್ತಾರೆ. ಚೀಟಿ ಬೇರೆ. 1982ರ ಚಿಟ್ ಫಂಡ್ ಕಾಯ್ದೆಯ ಕೆಳಗೆ ನೋಂದಾಯಿಸಿ ನಡೆಸುವ ಚೀಟಿಯಲ್ಲಿ ಎಲ್ಲರೂ ಕೊನೆಯವರೆಗೆ ಕಟ್ಟುತ್ತಾರೆ, ಎಲ್ಲರಿಗೂ ಒಂದು ಸಲ ದುಡ್ಡು ಸಿಗುತ್ತದೆ. ನಮ್ಮ ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್ ಕೂಡ ಅಂಥ ಚೀಟಿ ನಡೆಸುತ್ತದೆ. ಬಹುಮಾನದ ಸ್ಕೀಮಿನಲ್ಲಿ ಗೆದ್ದವರು ಕಟ್ಟುವುದನ್ನು ನಿಲ್ಲಿಸುತ್ತಾರೆ, ಆ ಕೊರತೆ ಹೊಸ ಸದಸ್ಯರ ದುಡ್ಡಿನಿಂದ ತುಂಬಬೇಕು. ಹೊಸಬರು ಬರದ ತಿಂಗಳು ನಡೆಸುವವನ ಫೋನ್ ಸ್ವಿಚ್ ಆಫ್ ಆಗುತ್ತದೆ. ನಮ್ಮ ಬೈಂಡಿಂಗ್ ಕೆಲಸದ ಹೆಣ್ಣುಮಗಳು ಹದಿನಾಲ್ಕು ತಿಂಗಳು ಕಟ್ಟಿದ್ದರು. ಅಂದರೆ 7,000. ಹಳದಿ ಬಣ್ಣದ ಆ ಕಾರ್ಡನ್ನು ಈಗಲೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಹದಿನಾಲ್ಕು ಸಹಿ ಸಮೇತ. ನಮ್ಮ ಪ್ರೆಸ್ಸಿನದಲ್ಲ, ಸದ್ಯ.

ಕೊಳ್ಳುವವರಿಗೆ ಎರಡು ಮಾತು. ದಸರಾ ವಸ್ತುಪ್ರದರ್ಶನದಲ್ಲಿ ಕೂಪನ್ ತುಂಬಿದ ವಾರದಲ್ಲಿ "ನಿಮಗೆ ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬನ್ನಿ" ಅಂತ ಫೋನ್ ಬಂದರೆ ಅಲ್ಲಿ ಎರಡು ಗಂಟೆ ಕೂರಿಸಿ ಏನನ್ನೋ ಮಾರುತ್ತಾರೆ ಅಂತಲೇ ತಿಳಿಯಿರಿ. ಆಡದ ಲಾಟರಿಯಲ್ಲಿ 25 ಲಕ್ಷ ಬಂದಿದೆ, ತೆರಿಗೆ ಮೊದಲು ಕಳಿಸಿ ಅಂತ ವಾಟ್ಸಾಪಿನಲ್ಲಿ ಬಂದರೆ ಉತ್ತರ ಕೊಡಬೇಡಿ. ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅಂಗಡಿಯವರು ಹೇಳಿದ ಬಹುಮಾನ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲು, ಕೂಪನ್ ಎರಡನ್ನೂ ಎಸೆಯದೆ ಇಟ್ಟುಕೊಂಡಿರಿ.

ಮಂಡ್ಯದ ಆ ಬಟ್ಟೆ ಅಂಗಡಿಯವರು ಈ ಸಲವೂ ಬಂದಿದ್ದರು. ಟೀ ಕುಡಿಯುವಷ್ಟರಲ್ಲಿ 2,000 ಸ್ಕ್ರ್ಯಾಚ್ ಕಾರ್ಡ್ ಎಂದು ತೀರ್ಮಾನವಾಯಿತು. ಖಾಲಿ ಯಾವುದೂ ಇಲ್ಲ, ದೊಡ್ಡದು ಎರಡೇ, ಅವೂ 10,000ದ ಒಳಗೆ. ಡಬ್ಬದ ಪಕ್ಕದಲ್ಲಿ ಬಿಲ್ ಮಾಡದವರಿಗೂ ಒಂದು ಕಾರ್ಡ್ ಅಂತ ಬೋರ್ಡ್. "ನಂಬರ್ ಹಾಕ್ಲಾ?" ಅಂತ ಕೇಳಿದೆ. ಲೋಟ ಕೆಳಗಿಟ್ಟು, "ನಂಬ್ರು ಮಾತ್ರ ಬ್ಯಾಡ ಕಣಣ್ಣೋ" ಎಂದರು. ಆದರೂ ಕಟ್ಟು ಕಟ್ಟುವ ಮುಂಚೆ ಇಪ್ಪತ್ತನ್ನೂ ನಾನೇ ಕೂತು ಎಣಿಸಿದೆ. ಹನ್ನೊಂದನೇ ಕಟ್ಟಿನಲ್ಲಿ ತೊಂಬತ್ತೊಂಬತ್ತು ಇತ್ತು.